ದಾನ ಎಷ್ಟು ಅಂತ ಕೇಳಿದಿರಿ, ಷರತ್ತೇನು ಅಂತ ಕೇಳಿದಿರಾ?

ಯಾರಾದರೂ ದೊಡ್ಡ ಮೊತ್ತದ ದಾನ ಮಾಡಿದ ಸುದ್ದಿ ಬಂದರೆ ನಾವೆಲ್ಲ ಮೊದಲು ಎಣಿಸುವುದು ಸೊನ್ನೆಗಳನ್ನು. ಇಷ್ಟು ಕೋಟಿ ಆಸ್ಪತ್ರೆಗೆ, ಅಷ್ಟು ಕೋಟಿ ಸಂಶೋಧನೆಗೆ. ಎರಡು ದಿನ ಹೊಗಳುತ್ತೇವೆ. ಒಂದಿಬ್ಬರು "ಟ್ಯಾಕ್ಸ್ ಉಳಿಸೋಕೆ ಬಿಡ್ರೀ" ಅಂತ ಮೂಗು ಮುರಿಯುತ್ತಾರೆ. ಅಲ್ಲಿಗೆ ಮುಗೀತು. ಆ ದುಡ್ಡನ್ನು ಯಾವ ಷರತ್ತಿನ ಮೇಲೆ ಕೊಟ್ಟರು, ಅದರಿಂದ ಹುಟ್ಟಿದ್ದು ಕೊನೆಗೆ ಯಾರ ಸ್ವತ್ತಾಯಿತು ಅಂತ ಕೇಳುವವರು ಬಹಳ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದನ್ನು. ಮೊತ್ತದ ಮಾತು ಆಮೇಲೆ.

ನಮ್ಮ ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಊರುಗಳಲ್ಲಿರುವ ದಾನಶಾಸನಗಳನ್ನು ಗಮನಿಸಿ. ಕೊಟ್ಟವರು ಯಾರು, ಎಷ್ಟು ಭೂಮಿ, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಅನ್ನುವುದೆಲ್ಲ ಆದ ಮೇಲೆ ಎಷ್ಟೋ ಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತದೆ. ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಅಂತ. ಕೊಟ್ಟದ್ದು ನಾಳೆ ಯಾರದೋ ಹಿತ್ತಲಿಗೆ ಸೇರಬಾರದು ಅನ್ನುವುದಕ್ಕೆ ಆ ಕಾಲದ ಲೈಸೆನ್ಸ್ ಅದು. ನಾವು ತಂತ್ರಾಂಶದವರು ಜಿಪಿಎಲ್ ಅಂತ ಹಾಕುತ್ತೇವೆ. ಪಾಪದ ಭಯ ಇಲ್ಲ, ಕೋರ್ಟಿನ ಭಯ ಇದೆ, ಅಷ್ಟೇ ವ್ಯತ್ಯಾಸ.

ಯಾಕೆ ಹೀಗಂತೀನಿ ಅನ್ನುವುದಕ್ಕೆ ಒಂದು ಸಂಸ್ಥೆಯ ಒಂದು ವರ್ಷದ ಕತೆ ಹೇಳುತ್ತೇನೆ. ಸಂಸ್ಥೆ ಲಂಡನ್ನಿನ ವೆಲ್‌ಕಮ್ ಟ್ರಸ್ಟ್. ವರ್ಷ 1998. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ದುಡ್ಡು ಬಂದದ್ದೆಲ್ಲಿಂದ

ಹೆನ್ರಿ ವೆಲ್‌ಕಮ್ 1853ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವನು. ಲಂಡನ್ನಿಗೆ ಬಂದು 1880ರಲ್ಲಿ ಗೆಳೆಯ ಸೈಲಸ್ ಬರೋಸ್ ಜೊತೆ ಬರೋಸ್ ವೆಲ್‌ಕಮ್ ಅನ್ನುವ ಔಷಧಿ ಕಂಪನಿ ಶುರು ಮಾಡಿದ. ಪುಡಿ, ಕಷಾಯಗಳ ಕಾಲದಲ್ಲಿ ಅಳತೆ ಮಾಡಿ ಒತ್ತಿದ ಮಾತ್ರೆಗಳನ್ನು ಮಾರಿ ಶ್ರೀಮಂತನಾದ. "ಟ್ಯಾಬ್ಲಾಯ್ಡ್" ಅನ್ನುವ ಪದ ಇದೆಯಲ್ಲ, ಅದು ಹುಟ್ಟಿದ್ದು ಈ ಕಂಪನಿಯ ಟ್ರೇಡ್‌ಮಾರ್ಕ್ ಆಗಿ. ಪತ್ರಿಕೆಗಳಿಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. 1936ರಲ್ಲಿ ಆತ ತೀರಿಕೊಂಡಾಗ ಉಯಿಲಿನಲ್ಲಿ ಕಂಪನಿಯ ಷೇರುಗಳನ್ನೆಲ್ಲ ಒಂದು ಟ್ರಸ್ಟಿಗೆ ಬರೆದಿಟ್ಟಿದ್ದ. ಲಾಭ ಬಂದದ್ದು ವೈದ್ಯಕೀಯ ಸಂಶೋಧನೆಗೆ ಹೋಗಬೇಕು ಅಂತ.

ಹಲವಾರು ವರ್ಷ ಟ್ರಸ್ಟು ಕಂಪನಿಯ ಏಕೈಕ ಯಜಮಾನನಾಗಿತ್ತು. 1986ರಲ್ಲಿ ಒಂದಿಷ್ಟು ಷೇರು ಮಾರಿತು, 1992ರಲ್ಲಿ ಇನ್ನಷ್ಟು. 1995ರಲ್ಲಿ ಗ್ಲಾಕ್ಸೊ ಬಂದು ಕಂಪನಿಯನ್ನೇ ಕೊಂಡುಕೊಂಡಿತು. ಹೀಗೆ ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ವೆಲ್‌ಕಮ್ ಟ್ರಸ್ಟ್ ಜಗತ್ತಿನ ಅತಿ ದೊಡ್ಡ ವೈದ್ಯಕೀಯ ದತ್ತಿ ಸಂಸ್ಥೆಗಳಲ್ಲಿ ಒಂದಾಗಿತ್ತು. ಮನೆಮನೆಗೆ ಹೋಗಿ ಚಂದಾ ಎತ್ತುವ ಹಾಗಿಲ್ಲ, ಸರ್ಕಾರದ ಮುಂದೆ ಕೈ ಚಾಚುವ ಹಾಗಿಲ್ಲ, ಲಾಭ ತೋರಿಸಿ ಅಂತ ಪೀಡಿಸುವ ಷೇರುದಾರರೂ ಇಲ್ಲ. ಇಂಥ ಸ್ವಾತಂತ್ರ್ಯ ಇರುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು ಹೇಳಿ!

1998ರ ಹಿಂದಿನ ಕತೆ

ಮನುಷ್ಯನ ಜೀನೋಮ್ ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳ ಒಂದು ಉದ್ದನೆಯ ಸಾಲು. ಅದನ್ನು ಪೂರ್ತಿ ಓದಬೇಕು ಅಂತ 1990ರಲ್ಲಿ ಮಾನವ ಜೀನೋಮ್ ಯೋಜನೆ ಶುರುವಾಯಿತು. ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಜರ್ಮನಿ, ಆಮೇಲೆ ಚೀನಾ ಕೂಡ ಸೇರಿತು. ಭಾರತ ಅದರಲ್ಲಿ ಇರಲಿಲ್ಲ.

ಬ್ರಿಟನ್ನಿನ ಪಾಲಿನ ಕೆಲಸ ನಡೆದದ್ದು ಕೇಂಬ್ರಿಡ್ಜ್ ಹತ್ತಿರದ ಹಿಂಕ್ಸ್‌ಟನ್ ಅನ್ನುವ ಹಳ್ಳಿಯಲ್ಲಿ, ಸ್ಯಾಂಗರ್ ಸೆಂಟರಿನಲ್ಲಿ. ವೆಲ್‌ಕಮ್ ಟ್ರಸ್ಟ್ ಮತ್ತು ಅಲ್ಲಿನ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1992ರಲ್ಲಿ ಕಟ್ಟಿದ ಕೇಂದ್ರ ಅದು. ಮುಖ್ಯಸ್ಥರು ಜಾನ್ ಸಲ್‌ಸ್ಟನ್. ವರ್ಷಗಟ್ಟಲೆ ಒಂದು ಮಿಲಿಮೀಟರ್ ಉದ್ದದ ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದ ಮನುಷ್ಯ. ಅದಕ್ಕೇ 2002ರಲ್ಲಿ ನೊಬೆಲ್ ಕೂಡ ಬಂತು.

1996ರ ಫೆಬ್ರವರಿಯಲ್ಲಿ ಈ ಯೋಜನೆಯ ಪ್ರಮುಖರೆಲ್ಲ ಬರ್ಮುಡಾ ದ್ವೀಪದಲ್ಲಿ ಸೇರಿದರು. ಅಲ್ಲಿ ಆದ ಒಪ್ಪಂದ ನನ್ನ ಮಟ್ಟಿಗೆ ಇಡೀ ಯೋಜನೆಯ ಅತಿ ದೊಡ್ಡ ಸಾಧನೆ. ಸಾವಿರ ಅಕ್ಷರಕ್ಕಿಂತ ಉದ್ದದ ತುಣುಕು ಜೋಡಣೆಯಾದ ಕೂಡಲೇ, ಸಾಧ್ಯವಾದರೆ 24 ಗಂಟೆಯೊಳಗೆ, ಅಂತರ್ಜಾಲಕ್ಕೆ ಹಾಕಿಬಿಡಬೇಕು. ಪ್ರಬಂಧ ಪ್ರಕಟವಾಗಲಿ ಅಂತ ಕಾಯುವ ಹಾಗಿಲ್ಲ. ಮೊದಲು ನಾವು ನೋಡ್ತೀವಿ, ಆಮೇಲೆ ನಿಮಗೆ ಅನ್ನುವ ಹಾಗಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾವುದಕ್ಕೆ ಬೇಕಾದರೂ ಬಳಸಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರಾತ್ರಿ ಬರೆದ ಕೋಡು ಬೆಳಿಗ್ಗೆ ಎಲ್ಲರ ಮುಂದೆ.

ವಿಜ್ಞಾನಿಗಳು ಪರಸ್ಪರ ಬಹಳ ಪ್ರೀತಿಯಿಂದ ಇರುತ್ತಾರೆ ಅಂತ ನೀವಂದುಕೊಂಡಿದ್ದರೆ ಇದರ ಬೆಲೆ ಗೊತ್ತಾಗುವುದಿಲ್ಲ. ಡೇಟಾ ಮುಚ್ಚಿಟ್ಟುಕೊಂಡು ಮೊದಲು ಪ್ರಬಂಧ ಬರೆದವನೇ ಗೆದ್ದ ಅನ್ನುವ ಲೋಕ ಅದು. ಅಲ್ಲಿ ಹೀಗೊಂದು ನಿಯಮ ಗಟ್ಟಿಯಾಗಿ ನಿಂತಿತು ಅಂದರೆ ಕಾರಣ ಸರಳ. ದುಡ್ಡು ಕೊಡುವವರು ಅದನ್ನು ಷರತ್ತು ಮಾಡಿದರು.

1998ರ ಮೇ ತಿಂಗಳು

ಅಲ್ಲಿಗೆ ಎಂಟು ವರ್ಷ ಕಳೆದಿತ್ತು, ಓದಿ ಮುಗಿದದ್ದು ಸಣ್ಣ ಪಾಲು ಮಾತ್ರ. ಆಗ, ಮೇ ಎರಡನೇ ವಾರದಲ್ಲಿ, ಕ್ರೇಗ್ ವೆಂಟರ್ ಅನ್ನುವ ವಿಜ್ಞಾನಿ ಒಂದು ಬಾಂಬ್ ಹಾಕಿದರು. ಯಂತ್ರ ತಯಾರಿಸುವ ಪರ್ಕಿನ್-ಎಲ್ಮರ್ ಜೊತೆ ಸೇರಿ ಹೊಸ ಕಂಪನಿ ಮಾಡುತ್ತೇನೆ, ಮೂರೇ ವರ್ಷದಲ್ಲಿ, ಸುಮಾರು 30 ಕೋಟಿ ಡಾಲರ್‌ನಲ್ಲಿ ಇಡೀ ಜೀನೋಮ್ ಓದಿ ಮುಗಿಸುತ್ತೇನೆ ಅಂದರು. ಆ ಕಂಪನಿಗೆ ಆಮೇಲೆ ಸೆಲೆರಾ ಅಂತ ಹೆಸರಿಟ್ಟರು. ಸರ್ಕಾರದ ಯೋಜನೆಯವರು ಬೇಕಾದರೆ ಇಲಿಯ ಜೀನೋಮ್ ಓದಿಕೊಳ್ಳಲಿ ಅಂತ ಸಲಹೆ ಬೇರೆ!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೆಂಟರ್ ಅವರನ್ನು ಖಳನಾಯಕ ಮಾಡುವುದು ನನ್ನ ಉದ್ದೇಶ ಅಲ್ಲ. ಇಡೀ ಜೀನೋಮನ್ನು ಒಂದೇ ಏಟಿಗೆ ಚೂರು ಮಾಡಿ, ಓದಿ, ಕಂಪ್ಯೂಟರಿನಲ್ಲಿ ಜೋಡಿಸುವ ಅವರ ವಿಧಾನ ಕೆಲಸ ಮಾಡಿತು. ಅವರ ಸ್ಪರ್ಧೆ ಇಲ್ಲದಿದ್ದರೆ ಆ ಕಡೆಯವರು ಅಷ್ಟು ಬೇಗ ಓಡುತ್ತಲೂ ಇರಲಿಲ್ಲ. ಕಂಪನಿಗೆ ಹೂಡಿಕೆದಾರರು ಇರುತ್ತಾರೆ, ಅವರಿಗೆ ಏನಾದರೂ ಮಾರಲೇಬೇಕು. ಮಾರಬೇಕಾದರೆ ಬೇಲಿ ಬೇಕು. ಅದು ವ್ಯಾಪಾರದ ಧರ್ಮ.

ತೊಂದರೆ ಇದ್ದದ್ದು ಬೇರೆ ಕಡೆ. ಖಾಸಗಿಯವರೇ ಅಗ್ಗವಾಗಿ, ಬೇಗ ಮಾಡುತ್ತೀವಿ ಅಂದ ಮೇಲೆ ತೆರಿಗೆ ದುಡ್ಡು ಯಾಕೆ ಸುರಿಯಬೇಕು ಅಂತ ಅಮೆರಿಕದ ಸಂಸತ್ತಿನಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಸರ್ಕಾರದ ದುಡ್ಡಿಗೆ ಬಜೆಟ್ಟಿನ ಕಾಟ. ಕಂಪನಿಯ ದುಡ್ಡಿಗೆ ಲಾಭದ ಕಾಟ. ಎರಡೂ ಇಲ್ಲದವರು ಒಬ್ಬರೇ ಉಳಿದಿದ್ದರು.

ಮೇ 13ರಂದು ವೆಲ್‌ಕಮ್ ಟ್ರಸ್ಟಿನ ಗವರ್ನರುಗಳು ಸ್ಯಾಂಗರ್ ಸೆಂಟರಿಗೆ ಇನ್ನೂ 11 ಕೋಟಿ ಪೌಂಡ್ ಕೊಡುವುದಾಗಿ ಪ್ರಕಟಿಸಿದರು. ಒಟ್ಟು 20.5 ಕೋಟಿ ಪೌಂಡ್ ಆಯಿತು. ಜೀನೋಮಿನ ಆರನೇ ಒಂದು ಭಾಗ ಓದುತ್ತಿದ್ದ ಕೇಂದ್ರ ಇನ್ನು ಮುಂದೆ ಮೂರನೇ ಒಂದು ಭಾಗ ಓದಬೇಕು. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ಬರೀ ಅಕ್ಷರಗಳ ಸಾಲು ಓದಿದ್ದಕ್ಕೇ ಯಾರಾದರೂ ಪೇಟೆಂಟ್ ಕೇಳಿದರೆ ಅದನ್ನು ಪ್ರಶ್ನಿಸುವುದಕ್ಕೂ ತಾವು ಸಿದ್ಧ ಅಂತ. ಟ್ರಸ್ಟಿನ ಮೈಕಲ್ ಮಾರ್ಗನ್ ಮತ್ತು ಸಲ್‌ಸ್ಟನ್ ಇಬ್ಬರೂ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿಗೆ ಹೋದರು. ಅಲ್ಲಿ ಜೀನೋಮ್ ವಿಜ್ಞಾನಿಗಳ ಸಭೆ ನಡೆಯುತ್ತಿತ್ತು, ಎಲ್ಲರ ಮುಖ ಬಾಡಿತ್ತು. ಮಾರ್ಗನ್ ಈ ಸುದ್ದಿ ಹೇಳಿದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಹೇಳಿಕೆಯ ಮೊತ್ತವನ್ನು ಬಿಟ್ಟು ಅದರ ಒಳಾರ್ಥ ನೋಡಿ. ನೀವು ಬೇಲಿ ಹಾಕುವ ಮೊದಲೇ ನಾವು ಆ ಜಾಗವನ್ನು ಗೋಮಾಳ ಮಾಡಿಬಿಡುತ್ತೇವೆ ಅಂತ.

ಆ ವರ್ಷದ ಉಳಿದ ತಿಂಗಳುಗಳು

ಮೇ ತಿಂಗಳ ಜಟಾಪಟಿ ಎಲ್ಲರಿಗೂ ಗೊತ್ತು. ಅದೇ ವರ್ಷ ಅದೇ ದುಡ್ಡಿನಿಂದ ಆದ ಇನ್ನೆರಡು ಕೆಲಸಗಳಿಗೆ ಅಷ್ಟು ಪ್ರಚಾರ ಸಿಗಲಿಲ್ಲ.

ಜೂನ್ 11ರಂದು ಕ್ಷಯದ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ ಪ್ರಕಟವಾಯಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಸ್ಟೀವರ್ಟ್ ಕೋಲ್ ತಂಡ ಮತ್ತು ಸ್ಯಾಂಗರ್ ಸೆಂಟರ್ ಸೇರಿ ಮಾಡಿದ ಕೆಲಸ, ವೆಲ್‌ಕಮ್ ಹಣ. ಸುಮಾರು 44 ಲಕ್ಷ ಅಕ್ಷರ, ಸುಮಾರು 4,000 ಜೀನುಗಳು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಹಾಗಾಗಿ ಜೂನ್ 11 ನಮಗೆ ಸಂಬಂಧಪಟ್ಟ ದಿನ, ನಾವು ಗಮನಿಸದಿದ್ದರೂ.

ಡಿಸೆಂಬರಿನಲ್ಲಿ ಸಲ್‌ಸ್ಟನ್ ಅವರ ಪ್ರೀತಿಯ ಹುಳು ಸಿ. ಎಲಿಗನ್ಸ್‌ನ ಜೀನೋಮ್ ಬಂತು. 9.7 ಕೋಟಿ ಅಕ್ಷರ, 19,000ಕ್ಕೂ ಹೆಚ್ಚು ಜೀನು. ಬಹುಕೋಶ ಪ್ರಾಣಿಯೊಂದರ ಜೀನೋಮನ್ನು ಮನುಷ್ಯ ಓದಿದ್ದು ಅದೇ ಮೊದಲು. ಅದೂ ಎಲ್ಲರಿಗೂ ತೆರೆದಿದ್ದ ಡೇಟಾ.

ಮರುವರ್ಷ, 1999ರ ಏಪ್ರಿಲ್‌ನಲ್ಲಿ, ಟ್ರಸ್ಟು ಇನ್ನೊಂದು ಚಾಣಾಕ್ಷ ಕೆಲಸ ಮಾಡಿತು. ಒಬ್ಬರಿಗೂ ಇನ್ನೊಬ್ಬರಿಗೂ ಜೀನೋಮಿನಲ್ಲಿ ಅಲ್ಲಲ್ಲಿ ಒಂದೊಂದು ಅಕ್ಷರ ವ್ಯತ್ಯಾಸ ಇರುತ್ತದಲ್ಲ, ಅವುಗಳ ಪಟ್ಟಿ ಮಾಡುವುದಕ್ಕೆ ಹತ್ತು ದೊಡ್ಡ ಔಷಧಿ ಕಂಪನಿಗಳ ಜೊತೆ ಕೂಟ ಕಟ್ಟಿತು. ಒಟ್ಟು ವೆಚ್ಚ 4.5 ಕೋಟಿ ಡಾಲರ್, ಅದರಲ್ಲಿ ವೆಲ್‌ಕಮ್ ಪಾಲು 1.4 ಕೋಟಿ. ಷರತ್ತು ಮಾತ್ರ ಅದೇ, ಪಟ್ಟಿ ಎಲ್ಲರಿಗೂ ತೆರೆದಿರಬೇಕು. ಪೇಟೆಂಟ್ ಮೇಲೇ ಬದುಕುವ ಕಂಪನಿಗಳು ಇದಕ್ಕೆ ಯಾಕೆ ಒಪ್ಪಿದವು? ದಾರಿಯಲ್ಲಿ ಹೆಜ್ಜೆಗೊಂದು ಟೋಲ್ ಗೇಟ್ ಬಂದರೆ ತಮ್ಮ ಲಾರಿಯೂ ಮುಂದೆ ಹೋಗುವುದಿಲ್ಲ ಅಂತ ಅವರಿಗೂ ಅರ್ಥವಾಗಿತ್ತು.

ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನವರು ಎರಡಕ್ಕೂ ಫ್ರೀ ಅಂತಲೇ ಅಂದು ಗೊಂದಲ ಮಾಡಿಕೊಳ್ಳುತ್ತಾರೆ. ಪುಣ್ಯಕ್ಕೆ ನಮ್ಮಲ್ಲಿ ಎರಡು ಪದಗಳಿವೆ. ಸೆಲೆರಾ ಕತೆ ಓದಿದರೆ ಅವುಗಳ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

2001ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ತಮ್ಮ ಜೀನೋಮ್ ಪ್ರಬಂಧಗಳನ್ನು ಪ್ರಕಟಿಸಿದರು. ಸಾರ್ವಜನಿಕ ಯೋಜನೆಯ ಡೇಟಾಕ್ಕೆ ಯಾವ ಕರಾರೂ ಇಲ್ಲ. ಸೆಲೆರಾ ಡೇಟಾ ವಿಶ್ವವಿದ್ಯಾಲಯದವರಿಗೆ ಉಚಿತ, ಆದರೆ "ಒಪ್ಪಿದ್ದೇನೆ" ಅಂತ ಕ್ಲಿಕ್ ಮಾಡಿ ವಾರಕ್ಕೆ ಹತ್ತು ಲಕ್ಷ ಅಕ್ಷರ ಮಾತ್ರ ಇಳಿಸಿಕೊಳ್ಳಬಹುದು. ಜಾಸ್ತಿ ಬೇಕಾದರೆ ಸಂಸ್ಥೆಯಿಂದ ಸಹಿ ಹಾಕಿದ ಪತ್ರ ತರಬೇಕು. ಬೇರೆಯವರಿಗೆ ಹಂಚುವ ಹಾಗಿಲ್ಲ. 300 ಕೋಟಿ ಅಕ್ಷರವನ್ನು ವಾರಕ್ಕೆ ಹತ್ತು ಲಕ್ಷದಂತೆ ಇಳಿಸಿಕೊಳ್ಳಲು 3,000 ವಾರ ಬೇಕು. 57 ವರ್ಷ! ಇನ್ನೊಂದು ತಮಾಷೆ ಅಂದರೆ ಸೆಲೆರಾ ತನ್ನ ಜೋಡಣೆಯಲ್ಲಿ ಸಾರ್ವಜನಿಕ ಯೋಜನೆಯ ಡೇಟಾವನ್ನೂ ಬಳಸಿಕೊಂಡಿತ್ತು. ಅದು ತಪ್ಪೇನೂ ಅಲ್ಲ, ಮುಕ್ತ ಅಂದರೆ ಅದೇ ಅಲ್ಲವೇ. ಆದರೆ ಹರಿವು ಒಂದೇ ದಿಕ್ಕಿನಲ್ಲಿತ್ತು.

ಇದನ್ನು ತಡೆಯಲು ಸ್ಯಾಂಗರ್‌ನಲ್ಲಿ ಟಿಮ್ ಹಬಾರ್ಡ್ ಅನ್ನುವವರು ಕಾಪಿಲೆಫ್ಟ್ ಥರದ ಲೈಸೆನ್ಸ್ ಹಾಕೋಣವೇ ಅಂತ ಯೋಚಿಸಿದ್ದರು. ನಮ್ಮದನ್ನು ಬಳಸಿದರೆ ನಿಮ್ಮದನ್ನೂ ತೆರೆಯಿರಿ ಅನ್ನುವ ಕರಾರು. ಕೊನೆಗೆ ಕೈಬಿಟ್ಟರು, ಯಾವ ಷರತ್ತೂ ಇಲ್ಲದೆ ಬಿಡುವುದೇ ಸರಿ ಅಂತ. ಜಿಪಿಎಲ್ ಸರಿಯೋ ಬಿಎಸ್‌ಡಿ ಸರಿಯೋ ಅಂತ ನಾವು ರಾತ್ರಿಯಿಡೀ ಜಗಳ ಆಡುತ್ತೇವಲ್ಲ, ಅದೇ ಜಗಳ ಮನುಷ್ಯನ ಜೀನೋಮಿನ ಮೇಲೂ ನಡೆದಿತ್ತು!

ಮುಕ್ತವಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜಿಮ್ ಕೆಂಟ್ ಕತೆ ಕೇಳಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಾಜಿ ಆನಿಮೇಷನ್ ಪ್ರೋಗ್ರಾಮರ್. 2000ದ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು ಕೂತು, ಮಣಿಕಟ್ಟಿಗೆ ಐಸ್ ಒತ್ತಿಕೊಳ್ಳುತ್ತಾ, ಚೂರುಗಳನ್ನೆಲ್ಲ ಜೋಡಿಸುವ ಪ್ರೋಗ್ರಾಂ ಬರೆದರು. ನೂರು ಪೆಂಟಿಯಂ ಪಿಸಿಗಳ ಮೇಲೆ ಅದನ್ನು ಓಡಿಸಿದರು. ಜುಲೈ 7ಕ್ಕೆ ಮನುಷ್ಯನ ಜೀನೋಮ್ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಕ್ಕಿತು.

ಇದೆಲ್ಲ ಆದರ್ಶದ ಮಾತಾಯಿತು, ಲೆಕ್ಕ ಇದೆಯಾ ಅಂತ ಕೇಳುವವರಿಗೆ ಲೆಕ್ಕವೂ ಇದೆ. ಹೈಡಿ ವಿಲಿಯಮ್ಸ್ ಅನ್ನುವ ಅರ್ಥಶಾಸ್ತ್ರಜ್ಞೆ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೆಲೆರಾ ಮೊದಲು ಓದಿ ತನ್ನ ಕರಾರಿನೊಳಗೆ ಇಟ್ಟುಕೊಂಡಿದ್ದ ಜೀನುಗಳನ್ನು ಉಳಿದ ಜೀನುಗಳ ಜೊತೆ ಹೋಲಿಸಿ ನೋಡಿದರು. ಆ ಬೇಲಿ ಇದ್ದದ್ದು ಹೆಚ್ಚೆಂದರೆ ಎರಡು ವರ್ಷ. ಆದರೂ ಆ ಜೀನುಗಳ ಮೇಲಿನ ಮುಂದಿನ ಸಂಶೋಧನೆ ಮತ್ತು ತಪಾಸಣೆಗಳ ಅಭಿವೃದ್ಧಿ ಶೇ 20ರಿಂದ 30ರಷ್ಟು ಕಡಿಮೆಯಾಗಿತ್ತು. 2019ರಲ್ಲಿ ಅವರೇ ಭಾವೇನ್ ಸಂಪತ್ ಜೊತೆ ಸೇರಿ ಜೀನುಗಳ ಮೇಲಿನ ಪೇಟೆಂಟುಗಳನ್ನು ಪರೀಕ್ಷಿಸಿದಾಗ ಅಂಥ ದೊಡ್ಡ ಪರಿಣಾಮ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಹೊಳೆಯುವುದು ಇಷ್ಟು. ನಾವೆಲ್ಲ ಪೇಟೆಂಟ್ ಅಂದರೆ ಭೂತ ಅಂದುಕೊಳ್ಳುತ್ತೇವೆ. ಡೌನ್‌ಲೋಡ್ ಪುಟದಲ್ಲಿ ಯಾರೂ ಓದದೆ ಕ್ಲಿಕ್ ಮಾಡುವ ಸಣ್ಣ ಅಕ್ಷರದ ಕರಾರೂ ಅಷ್ಟೇ ಹಾನಿ ಮಾಡಬಲ್ಲದು.

ಯೂನಿಕೋಡ್ ಬರುವ ಮೊದಲಿನ ಕನ್ನಡ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕಸ. ಫಾಂಟು ಉಚಿತವೇ ಇತ್ತು. ಅಕ್ಷರ ಮುಕ್ತವಾಗಿರಲಿಲ್ಲ.

ಇನ್ನು ಆಕ್ಷೇಪಗಳು

ವೆಲ್‌ಕಮ್ ಟ್ರಸ್ಟನ್ನು ದೇವರು ಮಾಡಿ ಕೂರಿಸುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಮೂರು ಆಕ್ಷೇಪಗಳಿವೆ, ಮೂರೂ ಗಟ್ಟಿ.

ಮೊದಲನೆಯದು, ದುಡ್ಡಿನ ಮೂಲ. 1987ರಲ್ಲಿ ಏಡ್ಸ್‌ಗೆ ಮೊದಲ ಔಷಧಿಯಾಗಿ ಎಝಡ್‌ಟಿ ಬಂದಾಗ ಅದನ್ನು ಮಾರಿದ್ದು ಇದೇ ಬರೋಸ್ ವೆಲ್‌ಕಮ್. ವರ್ಷಕ್ಕೆ 8,000ದಿಂದ 10,000 ಡಾಲರ್ ಬೆಲೆ. ಸಾಯುತ್ತಿದ್ದವರು ಬೀದಿಗಿಳಿದರು. 1989ರಲ್ಲಿ ನ್ಯೂಯಾರ್ಕ್ ಷೇರುಪೇಟೆಯೊಳಗೇ ನುಗ್ಗಿ ಪ್ರತಿಭಟಿಸಿದರು. ಆಮೇಲೆ ಕಂಪನಿ ಬೆಲೆಯನ್ನು ಶೇ 20ರಷ್ಟು ಇಳಿಸಿತು. ಆಗ ಆ ಕಂಪನಿಯ ಅತಿ ದೊಡ್ಡ ಪಾಲುದಾರ ಯಾರು? ವೆಲ್‌ಕಮ್ ಟ್ರಸ್ಟ್. ಜೀನೋಮನ್ನು ಎಲ್ಲರಿಗೂ ಬಿಟ್ಟುಕೊಟ್ಟ ದುಡ್ಡಿನಲ್ಲಿ ಆ ರೋಗಿಗಳ ಜೇಬಿನ ದುಡ್ಡೂ ಇತ್ತು. ಇದನ್ನು ಮರೆತು ದಾನವನ್ನು ಹೊಗಳಿದರೆ ಅರ್ಧ ಕತೆ ಹೇಳಿದ ಹಾಗೆ.

ಎರಡನೆಯದು, ಅಧಿಕಾರ. ಮೇ 13ರ ತೀರ್ಮಾನ ತೆಗೆದುಕೊಂಡದ್ದು ಕೆಲವೇ ಜನ. ಅವರಿಗೆ ಯಾರೂ ಓಟು ಹಾಕಿರಲಿಲ್ಲ. ದೇವಸ್ಥಾನದ ಮೊಕ್ತೇಸರರ ಹಾಗೆ. ಒಳ್ಳೆಯವರಿದ್ದರೆ ಊರಿಗೆ ಒಳ್ಳೆಯದು, ಇಲ್ಲದಿದ್ದರೆ ಕೇಳುವವರಿಲ್ಲ. ಅವತ್ತು ಅವರು ಬೇರೆ ಥರ ತೀರ್ಮಾನಿಸಿದ್ದರೂ ನಾವ್ಯಾರೂ ಪ್ರಶ್ನಿಸುವ ಹಾಗಿರಲಿಲ್ಲ. ಮನುಕುಲದ ಜೀನೋಮ್ ಯಾರದು ಅನ್ನುವುದು ಲಂಡನ್ನಿನ ಒಂದು ಕೋಣೆಯ ಒಳ್ಳೆಯತನದ ಮೇಲೆ ನಿಂತಿತ್ತು ಅನ್ನುವುದು ಹೆದರಿಕೆಯ ಸಂಗತಿಯೇ.

ಮೂರನೆಯದು ನನ್ನನ್ನು ಅತಿ ಹೆಚ್ಚು ಕಾಡುವುದು. ಬೇರು ಮುಕ್ತವಾಗಿದ್ದ ಮಾತ್ರಕ್ಕೆ ಹಣ್ಣು ಎಲ್ಲರ ಕೈಗೆ ಸಿಗುವುದಿಲ್ಲ. ಕ್ಷಯದ ಜೀನೋಮನ್ನೇ ತೆಗೆದುಕೊಳ್ಳಿ. ಬೆಡಾಕ್ವಿಲಿನ್ ಅನ್ನುವ ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿತ್ತು, ಎಲ್ಲಿ ಹೊಡೆಯುತ್ತದೆ ಅಂತ ಗೊತ್ತಾಗಬೇಕಿತ್ತು. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದ ಜೀನೋಮ್ ಓದಿ ಮೂಲದ ಜೊತೆ ಹೋಲಿಸಿದರು, ಜೀವಕೋಶಕ್ಕೆ ಶಕ್ತಿ ತಯಾರಿಸುವ ಯಂತ್ರದ ಒಂದು ಭಾಗಕ್ಕೆ ಹೊಡೆತ ಅಂತ ತಿಳಿಯಿತು. 2005ರಲ್ಲಿ ಇದು ಪ್ರಕಟವಾಯಿತು. ನಾವು ಎರಡು ಫೈಲುಗಳಿಗೆ ಡಿಫ್ ಹಾಕಿ ಬಗ್ ಹುಡುಕುವ ಹಾಗೆಯೇ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಔಷಧಿ ಕಂಪನಿಯ ಪೇಟೆಂಟಿನೊಳಗಿತ್ತು. ಭಾರತದಲ್ಲಿ ಆ ಪೇಟೆಂಟನ್ನು 2027ರವರೆಗೆ ಎಳೆಯುವ ಪ್ರಯತ್ನ ನಡೆದಾಗ ಅದನ್ನು ವಿರೋಧಿಸಿ ಅರ್ಜಿ ಹಾಕಿದವರಲ್ಲಿ ಇಬ್ಬರು ಮಹಿಳೆಯರಿದ್ದರು. ಒಬ್ಬರು ಭಾರತದವರು, ಒಬ್ಬರು ದಕ್ಷಿಣ ಆಫ್ರಿಕಾದವರು. ಇಬ್ಬರೂ ಕ್ಷಯದಿಂದ ಬದುಕುಳಿದು ಹಳೆಯ ಔಷಧಿಗಳ ಅಡ್ಡಪರಿಣಾಮದಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. 1998ರ ಆ ತೆರೆದ ಜೀನೋಮಿಗೂ 2023ರ ಆ ತೀರ್ಪಿಗೂ ನಡುವೆ 25 ವರ್ಷ.

ಹಾಗಾದರೆ ಷರತ್ತಿನಿಂದ ಏನು ಬಂತು ಅಂತ ಕೇಳಬಹುದು. ಮೂರು ಆಕ್ಷೇಪಗಳೂ ನನ್ನ ಮಾತಿಗೆ ಬಲ ಕೊಡುತ್ತವೆ ಅಂತಲೇ ನನಗನಿಸುತ್ತದೆ. ದುಡ್ಡಿನ ಮೂಲ ಯಾವತ್ತೂ ಪೂರ್ತಿ ಶುದ್ಧ ಇರುವುದಿಲ್ಲ, ಮೊಕ್ತೇಸರರು ಯಾವತ್ತೂ ಒಳ್ಳೆಯವರೇ ಇರುತ್ತಾರೆ ಅಂತ ಖಾತ್ರಿ ಇಲ್ಲ. ಆದ್ದರಿಂದಲೇ ಷರತ್ತು ಬರೆದಿಡಬೇಕು. ಬೇರಿಗೆ ಮಾತ್ರ ಷರತ್ತು ಹಾಕಿ ಹಣ್ಣನ್ನು ಬಿಟ್ಟರೆ ಸಾಲದು, ಹಣ್ಣಿನ ಬೆಲೆಯವರೆಗೂ ಷರತ್ತು ಹೋಗಬೇಕು.

ನಮ್ಮ ಅಂಗಳದಲ್ಲಿ

ಇದು ಲಂಡನ್ನಿನ ಕತೆ, ನಮಗೇನು ಅನ್ನಬೇಡಿ. ವೆಲ್‌ಕಮ್ ಟ್ರಸ್ಟ್ 2008ರಲ್ಲಿ ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆಯ ಜೊತೆ ಸೇರಿ ಇಂಡಿಯಾ ಅಲೈಯನ್ಸ್ ಕಟ್ಟಿತು. ಶುರುವಿನಲ್ಲಿ ಅರ್ಧ ದುಡ್ಡು ಅವರದು, ಅರ್ಧ ನಮ್ಮ ತೆರಿಗೆಯದಾಗಿತ್ತು. ಅದೇ 2008ರಲ್ಲಿ ಸಿಎಸ್‌ಐಆರ್ ಮುಕ್ತ ತಂತ್ರಾಂಶದ ಮಾದರಿಯಲ್ಲಿ ಕ್ಷಯಕ್ಕೆ ಔಷಧಿ ಹುಡುಕುವ ಯೋಜನೆ ಶುರು ಮಾಡಿತು. 2010ರಲ್ಲಿ ದೇಶದ ನೂರಾರು ವಿದ್ಯಾರ್ಥಿಗಳು ತಮ್ಮ ತಮ್ಮ ಊರಲ್ಲೇ ಕೂತು ಆ ಬ್ಯಾಕ್ಟೀರಿಯಾದ 4,000 ಜೀನುಗಳ ವಿವರವನ್ನು ಮತ್ತೆ ಒಂದೊಂದಾಗಿ ಬರೆದರು. 1998ರ ಜೂನ್‌ನಲ್ಲಿ ಆ ಜೀನೋಮ್ ಯಾರದೋ ಬೀರುವಿನಲ್ಲಿ ಬೀಗ ಹಾಕಿ ಕೂತಿದ್ದರೆ ಆ ಹುಡುಗ ಹುಡುಗಿಯರು ಏನು ಮಾಡಬೇಕಿತ್ತು?

ಇವತ್ತು ನಮ್ಮದೇ ದೊಡ್ಡ ದಾನಿಗಳು ಬಂದಿದ್ದಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಹುಟ್ಟಿದ್ದು ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ನೆರವಿನಿಂದ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ಇವರು ವರ್ಷಗಟ್ಟಲೆ ಪರೀಕ್ಷಿಸುತ್ತಾ, ವಯಸ್ಸಾದಂತೆ ಮರೆವು ಯಾಕೆ ಬರುತ್ತದೆ ಅಂತ ಹುಡುಕುತ್ತಿದ್ದಾರೆ. ಮಾವಿನ ತೋಟದ ಕೆಲಸ ಬಿಟ್ಟು ಬಂದು ರಕ್ತ ಕೊಡುವವರು ಕೂಡ ದಾನಿಗಳೇ, ಅವರ ಹೆಸರಿನ ಕಟ್ಟಡ ಇರುವುದಿಲ್ಲ ಅಷ್ಟೇ. ಇದೇ ಕೇಂದ್ರ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳತ್ವವನ್ನೂ ವಹಿಸಿತ್ತು. ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮ್ ಓದಿದರು. 2025ರ ಜನವರಿ 9ರಂದು ಡೇಟಾ ಬಿಡುಗಡೆಯಾಯಿತು. ಅದು ಫರೀದಾಬಾದಿನ ಕೇಂದ್ರದಲ್ಲಿದೆ, ಸಂಶೋಧಕರು ಅರ್ಜಿ ಹಾಕಿ ಪಡೆಯಬೇಕು.

ಇಲ್ಲಿ 24 ಗಂಟೆಯಲ್ಲಿ ಎಲ್ಲ ಬಿಡಿ ಅಂತ ನಾನು ಹೇಳುವುದಿಲ್ಲ. ಮನುಕುಲದ ಸಾಮಾನ್ಯ ನಕ್ಷೆ ಬೇರೆ, ಒಬ್ಬ ವ್ಯಕ್ತಿಯ ಜೀನೋಮ್ ಬೇರೆ. ಯಾವ ಸಮುದಾಯಕ್ಕೆ ಯಾವ ರೋಗ ಜಾಸ್ತಿ ಅನ್ನುವ ಪಟ್ಟಿ ಇನ್ಶೂರೆನ್ಸ್ ಕಂಪನಿಯ ಕೈಗೆ, ಮದುವೆ ದಲ್ಲಾಳಿಗಳ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ನಮ್ಮ ದೇಶದಲ್ಲಿ ಬಿಡಿಸಿ ಹೇಳಬೇಕೇ? ಅರ್ಜಿ ಹಾಕುವ ವ್ಯವಸ್ಥೆ ಇರಲಿ. ಆದರೆ ಆ ಬಾಗಿಲು ಐಐಎಸ್‌ಸಿಯವರಿಗೂ, ಕಲಬುರಗಿಯ ಒಂದು ಸಣ್ಣ ಕಾಲೇಜಿನ ಅಧ್ಯಾಪಕಿಗೂ ಒಂದೇ ಅಳತೆಯಲ್ಲಿ ತೆರೆಯಬೇಕು. ವ್ಯಕ್ತಿಯ ಗುಟ್ಟು ಕಾಯುವುದಕ್ಕೆ ಹಾಕಿದ ಬೀಗ ನಾಳೆ ಯಾರದೋ ವ್ಯಾಪಾರ ಕಾಯುವ ಬೀಗ ಆಗಬಾರದು.

ಅದಕ್ಕೇ ಮುಂದಿನ ಸಲ ದಾನದ ಸುದ್ದಿ ಬಂದಾಗ ಕೇಳಬೇಕಾದ ಮೂರು ಪ್ರಶ್ನೆ. ಈ ದುಡ್ಡಿನಿಂದ ಸಿಕ್ಕ ಅರಿವು ಎಷ್ಟು ದಿನದಲ್ಲಿ, ಯಾರಿಗೆಲ್ಲ ಸಿಗುತ್ತದೆ? ಅದರಿಂದ ಔಷಧಿ ಹುಟ್ಟಿದರೆ ಅದರ ಬೆಲೆಯ ಬಗ್ಗೆ ಕರಾರು ಇದೆಯೇ? ರಕ್ತ ಕೊಟ್ಟವರಿಗೆ ವಾಪಸ್ ಬರುವುದೇನು? ಉತ್ತರ ಕಾಗದದ ಮೇಲೆ ಇದ್ದರೆ ಎದ್ದು ನಿಂತು ಚಪ್ಪಾಳೆ ಹೊಡೆಯೋಣ, ಮೊತ್ತ ಹತ್ತು ಲಕ್ಷವೇ ಇರಲಿ. ಇಲ್ಲದಿದ್ದರೆ ಸಾವಿರ ಕೋಟಿಯಾದರೂ ಕಾದು ನೋಡೋಣ.

ಸರ್ಕಾರ ತೆರಿಗೆ ದುಡ್ಡಿನಿಂದ ಮಾಡಬೇಕಾದ್ದನ್ನು ದಾನಿಗಳ ಮೇಲೆ ಬಿಡುವುದೇ ತಪ್ಪು ಅನ್ನುವವರೂ ನಿಮ್ಮಲ್ಲಿ ಇರಬಹುದು. ಆ ವಾದದಲ್ಲೂ ತೂಕ ಇದೆ. ನೀವೇನಂತೀರಿ? ನನಗಂತೂ ಜಗಳಕ್ಕೆ ಪುರುಸೊತ್ತಿದೆ, ನಾಳೆ ಹೇಗೂ ಶನಿವಾರ.